ಶಾರ್ಟೇಜ್ ಮಾಣಿ

ವಿಶ್ವವಿದ್ಯಾಲಯದ ನಿಯಮಾವಳಿಯನ್ನು ಮೊದಲಿಂದ ಕೊನೆಯವರೆಗೆ ಓದಿದವರು ಇಬ್ಬರೇ. ಒಬ್ಬರು ಅದನ್ನು ಬರೆದವರು; ಅವರೀಗ ನಿವೃತ್ತರು. ಇನ್ನೊಬ್ಬ, ಹಾಜರಿ ಸಾಲದೆ ಪರೀಕ್ಷೆಯ ಬಾಗಿಲಲ್ಲಿ ನಿಂತ ಹುಡುಗ. ರ‍್ಯಾಂಕ್ ಬರುವವರಿಗೆ ಆ ಪುಸ್ತಕದ ರಟ್ಟಿನ ಬಣ್ಣವೂ ಗೊತ್ತಿರುವುದಿಲ್ಲ. ಅವರಿಗೆ ಅದರಿಂದ ಆಗಬೇಕಾದ್ದೂ ಏನಿಲ್ಲ.

ಇಂಥ ಹುಡುಗ ಪ್ರತಿ ಕಾಲೇಜಿನಲ್ಲೂ ಒಬ್ಬ ಇರುತ್ತಾನೆ. ನನಗೆ ಪರಿಚಯವಿರುವವನು ಶರಾವತಿ ಹಿನ್ನೀರಿನ ಆಚೆ ದಡದವನು, ಸಿಗಂದೂರು–ತುಮರಿ ಕಡೆಯ ಅಡಿಕೆ ತೋಟದ ಮನೆಯವನು, ಓದುವುದು ಬಿ.ಪಿ.ಎಡ್. ಮುಂದೆ ಪಿ.ಟಿ. ಮೇಷ್ಟ್ರಾಗುವವನು. ಕಾಲೇಜಿನಲ್ಲಿ ಅವನಿಗೆ ಶಾರ್ಟೇಜ್ ಮಾಣಿ ಎಂದೇ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ, ಅದರ ಮುಂದೆ ಸಾಲಾಗಿ ‘ಎ’ ಅಕ್ಷರವಿದೆ.

ನೋಡಲು ಲಕ್ಷಣವಾಗಿದ್ದಾನೆ. ಗಟ್ಟಿ ಮೀನಖಂಡ, ಬದಿಯ ಪಟ್ಟಿ ಕಿತ್ತುಬಂದ ಟ್ರ್ಯಾಕ್ ಪ್ಯಾಂಟು, ಕೊರಳಲ್ಲಿ ಇನ್ನೂ ಊದುವ ಅಧಿಕಾರ ಬಾರದ ಒಂದು ಸೀಟಿ. ಕಂಕುಳಲ್ಲಿ ಸದಾ ನೀಲಿ ಬಣ್ಣದ ಪ್ಲಾಸ್ಟಿಕ್ ಫೈಲು. ಅದರೊಳಗೆ ಮೆಡಿಕಲ್ ಸರ್ಟಿಫಿಕೇಟುಗಳು, ಓ.ಡಿ. (ಆನ್ ಡ್ಯೂಟಿ) ಪತ್ರಗಳು ಮತ್ತು ನಿಯಮಾವಳಿಯ ಜೆರಾಕ್ಸ್ ಪ್ರತಿ. ಜೆರಾಕ್ಸಿನಲ್ಲಿ ‘ತಕ್ಕ ಕಾರಣವಿದ್ದಲ್ಲಿ’ ಎಂಬ ಮಾತು ಬಂದ ಕಡೆಯೆಲ್ಲ ಹಳದಿ ಬಣ್ಣ ಬಳಿದಿದ್ದಾನೆ. ‘ತಪ್ಪದೆ’ ಎಂದಿರುವ ಸಾಲುಗಳು ಹಾಗೇ ಬೆಳ್ಳಗಿವೆ.

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು (ಎನ್‌ಸಿಟಿಇ) 2014ರಲ್ಲಿ ಮಾಡಿದ ನಿಯಮ ಅವನಿಗೆ ಬಾಯಿಪಾಠ. ಬಿ.ಪಿ.ಎಡ್. ಎಂದರೆ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಪ್ರವೇಶ ಮತ್ತು ಪರೀಕ್ಷೆಯ ದಿನ ಬಿಟ್ಟು ವರ್ಷಕ್ಕೆ 200 ಕೆಲಸದ ದಿನ, ವಾರಕ್ಕೆ ಕನಿಷ್ಠ 36 ಗಂಟೆ. ಹಾಜರಿ 75 ಪರ್ಸೆಂಟ್ ಇರಬೇಕು ಎಂದು ಕಾಲೇಜಿನವರು ಹೇಳಿದಾಗ ಉಳಿದವರು ‘150 ದಿನ ಬರಬೇಕು’ ಎಂದು ಬರೆದುಕೊಂಡರು. ಇವನು ಬರೆದುಕೊಂಡದ್ದು ‘50 ದಿನ ರಜೆ ಮಂಜೂರು’ ಎಂದು. ಆ ಐವತ್ತನ್ನು ಮೊದಲ ಸೆಮಿಸ್ಟರಿನಲ್ಲೇ ಖರ್ಚು ಮಾಡಿ, ಮಿಕ್ಕದ್ದಕ್ಕೆ ಸಾಲ ಎತ್ತುವುದು ಅವನ ಪದ್ಧತಿ.

ಖರ್ಚಿಗೆ ಬಾಬತ್ತುಗಳಿಗೇನು ಕಡಿಮೆ! ಮಳೆಗಾಲ ಬಂದರೆ ತೋಟಕ್ಕೆ ಕೊಳೆ ಔಷಧಿ ಹೊಡೆಸಬೇಕು. ಭೂಮಿ ಹುಣ್ಣಿಮೆಗೆ ಮನೆಯಲ್ಲಿರದಿದ್ದರೆ ಆಗುತ್ತದೆಯೇ? ಅದು ಮುಗಿಯುವಷ್ಟರಲ್ಲಿ ಕೊನೆ ಕೊಯ್ಲು, ಅಡಿಕೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಸಂಕ್ರಾಂತಿಗೆ ಸಿಗಂದೂರಿನ ಜಾತ್ರೆ. ಆಮೇಲೆ ಆಲೆಮನೆ, ಮೇಳದ ಆಟ, ಮದುವೆ. ಇಷ್ಟರ ನಡುವೆ ಬಿಡುವಾದರೆ ಕಾಲೇಜು.

ಆದರೆ ಈ ಕಾರಣಗಳನ್ನು ಅವನು ಎಂದೂ ಬಾಯಿಬಿಟ್ಟು ಹೇಳಿದವನಲ್ಲ. ಅವನದು ಒಂದೇ ಮಾತು: “ಲಾಂಚ್ ತಪ್ಪಿಹೋಯ್ತು ಸರ್.”

ಈ ಮಾತಿಗೆ ಇದ್ದ ಬಲ ಸಾಗರ ಸೀಮೆಯವರಿಗೆ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನೀರು ನಿಂತ ಮೇಲೆ ಕರೂರು, ಬಾರಂಗಿ ಹೋಬಳಿಯ ಊರುಗಳು ಆಚೆ ದಡದಲ್ಲಿ ಉಳಿದವು. ಸಾಗರಕ್ಕೆ ಬರಬೇಕೆಂದರೆ ಕಳಸವಳ್ಳಿಯಲ್ಲಿ ಲಾಂಚ್ ಹತ್ತಿ ಅಂಬಾರಗೋಡ್ಲಿನ ಹೊಳೆಬಾಗಿಲಲ್ಲಿ ಇಳಿಯಬೇಕಿತ್ತು. ಇಲ್ಲವಾದರೆ ಸುತ್ತು ದಾರಿ. ಹೆರಿಗೆ ನೋವಿನವರೂ, ಹಾವು ಕಚ್ಚಿದವರೂ ದಡದಲ್ಲಿ ಕಾದ ಜಾಗವದು. ರಾತ್ರಿ ಲಾಂಚ್ ಇರಲಿಲ್ಲ. ಬೇಸಿಗೆಯಲ್ಲಿ ನೀರು ತಳ ಹಿಡಿದರೆ ವಾಹನ ಹತ್ತಿಸುತ್ತಿರಲಿಲ್ಲ. ಇಡೀ ನಾಡೇ ಕನಿಕರ ಪಡುತ್ತಿದ್ದ ಈ ಕಷ್ಟವನ್ನು ನಮ್ಮ ಮಾಣಿ ಸೋಮವಾರ ಬೆಳಗಿನ ಆರೂವರೆಯ ಗ್ರೌಂಡ್ ಕ್ಲಾಸಿಗೆ ಬಳಸಿಕೊಂಡ. ವಿಭಾಗದ ಮುಖ್ಯಸ್ಥರು ಬಯಲುಸೀಮೆಯವರು, ನೀರು ಕಂಡರೆ ಕೈಮುಗಿಯುವವರು. ಲಾಂಚ್ ಎಂದ ಕೂಡಲೇ ಅವರ ಪೆನ್ನು ಮೆತ್ತಗಾಗುತ್ತಿತ್ತು. ಮಾಣಿ ವಾರವಿಡೀ ಇರುವುದು ಹಾಸ್ಟೆಲಿನಲ್ಲಿ, ಹಾಸ್ಟೆಲಿಗೂ ಗ್ರೌಂಡಿಗೂ ನಡುವೆ ಇರುವ ನೀರೆಂದರೆ ಒಂದು ನಲ್ಲಿ ಮಾತ್ರ ಎಂಬುದು ಅವರಿಗೆ ಹೊಳೆಯಲು ಒಂದು ಸೆಮಿಸ್ಟರ್ ಹಿಡಿಯಿತು.

ದೈಹಿಕ ಶಿಕ್ಷಣದಲ್ಲಿ ಹಾಜರಿಯ ನಿಯಮಕ್ಕೆ ಹಲ್ಲು ಜಾಸ್ತಿ. ಬೇರೆ ಕೋರ್ಸಿನಲ್ಲಾದರೆ ಗೆಳೆಯನೊಬ್ಬ ತಲೆ ತಗ್ಗಿಸಿ, ಗಂಟಲು ಬದಲಿಸಿ ‘ಎಸ್ ಸರ್’ ಎಂದರೆ ಕೆಲಸವಾಯಿತು. ಇಲ್ಲಿ ‘ಎಸ್ ಸರ್’ ಎಂದವನು ಬಾರದವನ ಪಾಲಿನ ನಾಲ್ಕು ಸುತ್ತನ್ನೂ ಓಡಬೇಕು. ಗೆಳೆತನಕ್ಕೆ ಪ್ರಾಣ ಬೇಕಾದರೂ ಕೊಡಬಹುದು, 1600 ಮೀಟರ್ ಕೊಡುವುದು ಕಷ್ಟ.

ಹಾಗಾಗಿ ಮಾಣಿ ಓ.ಡಿ. ದಾರಿ ಹಿಡಿದ. ಕಾಲೇಜಿನ ಪರವಾಗಿ ಆಡಲು ಹೋದ ದಿನ ಹಾಜರಿ ಸಿಗುತ್ತದೆ ಎಂಬ ಸಾಲು ಕಣ್ಣಿಗೆ ಬಿದ್ದದ್ದೇ ತಡ, ಅವನ ಕ್ರೀಡಾಸಕ್ತಿ ಹತ್ತು ಕಡೆ ಹರಿಯಿತು. ಕಬಡ್ಡಿ, ಖೊಖೊ, ತ್ರಿವಿಧ ಜಿಗಿತ ಸರಿ. ಚೆಸ್ ತಂಡಕ್ಕೆ ಮೀಸಲು ಆಟಗಾರನಾಗಿಯೂ ಹೋಗಿಬಂದ. ಆನೆ, ಕುದುರೆ ಯಾವುದು ಎಂದು ಕೇಳಿದರೆ, “ನಂಗೆ ಆಡೋಕೆ ಬಿಟ್ಟಿಲ್ಲ ಬಿಡಿ” ಎನ್ನುತ್ತಾನೆ.

ಓ.ಡಿ. ಮುಗಿದ ಕಡೆ ಮೆಡಿಕಲ್ ಸರ್ಟಿಫಿಕೇಟು. ಅಲ್ಲೇ ಒಮ್ಮೆ ಲೆಕ್ಕ ತಪ್ಪಿದ್ದು. ಹಾಜರಿ ಕೊರತೆ ಮನ್ನಾ ಮಾಡಿ ಎಂದು ಬರೆದ ಅರ್ಜಿಗೆ ಇರುವ ಕಾಗದವನ್ನೆಲ್ಲ ಲಗತ್ತಿಸಿದ್ದ. ಕಚೇರಿಯ ಗುಮಾಸ್ತರು ಕನ್ನಡಕ ಏರಿಸಿ, ಮೇಜಿನ ಮೇಲೆ ಎರಡು ಕಾಗದವನ್ನು ಅಕ್ಕಪಕ್ಕ ಇಟ್ಟರು. ಒಂದರಲ್ಲಿ, ಬಲಗಾಲಿನ ಹಿಮ್ಮಡಿ ಗಂಟು ಉಳುಕಿದ್ದು ಹತ್ತು ದಿನ ಹಾಸಿಗೆ ಬಿಟ್ಟು ಏಳಕೂಡದು ಎಂದಿತ್ತು. ಇನ್ನೊಂದರಲ್ಲಿ, ಅದೇ ಹತ್ತು ದಿನದ ನಡುವಿನ ಒಂದು ದಿನ, ಅಂತರಕಾಲೇಜು ಕೂಟದ ತ್ರಿವಿಧ ಜಿಗಿತದಲ್ಲಿ ಮೂರನೇ ಸ್ಥಾನ ಎಂದಿತ್ತು.

“ಇದೆಂತ ಮಾರಾಯ? ಕಾಲು ಉಳುಕಿದವ ಹಾರಿದ್ದು ಹ್ಯಾಂಗೆ?”

ಮಾಣಿ ಒಂದು ಕ್ಷಣವೂ ತಡಮಾಡಲಿಲ್ಲ. “ಉಳುಕದೇ ಇದ್ದಿದ್ರೆ ಫಸ್ಟ್ ಬರ್ತಿದ್ದೆ ಸರ್.”

ಗುಮಾಸ್ತರು ಅರ್ಜಿಯನ್ನು ತಿರಸ್ಕರಿಸಿದರು. ಆದರೆ ಆ ಉತ್ತರವನ್ನು ಇಂದಿಗೂ ಹೊಸಬರಿಗೆಲ್ಲ ಹೇಳಿಕೊಂಡು ನಗುತ್ತಾರೆ. ಮರುವಾರದಿಂದ ನೋಟಿಸ್ ಬೋರ್ಡಿನಲ್ಲಿ ಹೊಸ ಸೂಚನೆ: ‘ವೈದ್ಯಕೀಯ ರಜೆಯಲ್ಲಿರುವ ವಿದ್ಯಾರ್ಥಿಗಳು ಆ ಅವಧಿಯಲ್ಲಿ ಕ್ರೀಡಾಕೂಟಗಳಲ್ಲಿ ಭಾಗವಹಿಸುವಂತಿಲ್ಲ.’ ನಿಯಮಾವಳಿಯಲ್ಲಿ ಯಾವುದಾದರೂ ಕಲಮು ವಿಚಿತ್ರವಾಗಿ ಕಂಡರೆ, ಅದರ ಹಿಂದೆ ಇಂಥ ಒಬ್ಬ ಹುಡುಗನಿದ್ದಾನೆ ಎಂದೇ ತಿಳಿಯಬೇಕು. ಒಳ್ಳೆಯ ಹುಡುಗರು ನಿಯಮ ಪಾಲಿಸುತ್ತಾರೆ, ಬರೆಸುವವರು ಇವರು.

ರೆಕಾರ್ಡ್ ಪುಸ್ತಕದ್ದು ಇನ್ನೊಂದು ಕಥೆ. 1943ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ರೂಪುಗೊಂಡ ಮೆಟ್ಟಿಲು ಪರೀಕ್ಷೆ ಇಂದಿಗೂ ಪಿ.ಟಿ. ಕಲಿಯುವವರ ಪಾಲಿಗೆ ತಪ್ಪಿದ್ದಲ್ಲ. ಇಪ್ಪತ್ತು ಅಂಗುಲದ ಮಣೆಯನ್ನು ನಿಮಿಷಕ್ಕೆ 30 ಸಲದಂತೆ ಐದು ನಿಮಿಷ ಹತ್ತಿ ಇಳಿದು, ಕೂತು, ಬಿಡುವು ಕೊಟ್ಟು ಮೂರು ಸಲ ನಾಡಿ ಎಣಿಸಬೇಕು. ಮಾಣಿ ಮಣೆ ಹತ್ತಿರಲಿಲ್ಲ. ಪಕ್ಕದವನ ಪುಸ್ತಕ ನೋಡಿ ನಾಡಿ ಬರೆದುಕೊಂಡ. ಮೂರಕ್ಕೆ ಮೂರೂ ಒಂದೇ ಅಂಕಿ. “ಅವಳಿ ಮಕ್ಕಳ ನಾಡಿಯೂ ಹೀಗೆ ಕೂಡೋದಿಲ್ಲವಯ್ಯಾ” ಎಂದರು ಮೇಷ್ಟ್ರು. ಅವನು ತಗ್ಗಿದ ದನಿಯಲ್ಲಿ, “ಒಂದೇ ಮೆಸ್ಸಿನ ಊಟ ಅಲ್ವಾ ಸರ್” ಎಂದ.

ಹೊಸದಾಗಿ ಬರೆದ ರೆಕಾರ್ಡ್ ಕಳೆದುಹೋದೀತೆಂದು ಅದರ ರಟ್ಟಿಗೆ ಒಂದು ಚೀಟಿ ಅಂಟಿಸಿದ. ಮಲೆನಾಡಿನ ತೋಟ, ಗೇಟು, ಕಟ್ಟುತ್ತಿರುವ ಮನೆಗಳ ಮುಂದೆ ಕಾಣುವ ಬೋರ್ಡಿನದೇ ಒಕ್ಕಣೆ: ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ. ಆ ಬೋರ್ಡು ಇರುವ ತೋಟದಲ್ಲಿ ಬಿದ್ದ ಅಡಿಕೆಯನ್ನೂ ಕಳ್ಳ ಮುಟ್ಟುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಫಲ ಕಂಡಿತು. ಸೆಮಿಸ್ಟರ್ ಮುಗಿಯುವವರೆಗೆ ಆ ಪುಸ್ತಕವನ್ನು ಕಳ್ಳರೂ ಮುಟ್ಟಲಿಲ್ಲ, ಅವನೂ ಮುಟ್ಟಲಿಲ್ಲ.

ಅವನ ಮಾವನ ಮಗಳೊಬ್ಬಳು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಇದೇ ಚಲನೆಯ ಶಾಸ್ತ್ರ, ಕಿನಿಸಿಯಾಲಜಿ, ಓದುತ್ತಾಳೆ. 1967ರಲ್ಲಿ ಅದಕ್ಕಾಗಿಯೇ ಪ್ರತ್ಯೇಕ ವಿಭಾಗ ತೆರೆದ ಜಾಗ. ಒಂದು ದಿನ ಫೋನಿನಲ್ಲಿ ಅಲ್ಲಿನ ಕಟ್ಟುಪಾಡುಗಳನ್ನು ಹೇಳಿದಳು: ಪಾಠ ಶುರುವಾಗುವ ಮುಂಚೆಯೇ ಯಾವ ದಿನ ಏನು ಒಪ್ಪಿಸಬೇಕೆಂದು ಬರೆದು ಕೊಡುತ್ತಾರೆ, ತಡವಾದರೆ ಅಂಕ ಹೋಗುತ್ತದೆ, ನಕಲು ಮಾಡಿದರೆ ವಿಚಾರಣೆ. ಮಾಣಿ ಎಲ್ಲ ಕೇಳಿ ನಿಟ್ಟುಸಿರು ಬಿಟ್ಟ. “ಹಂಗಾರೆ ಮೇಷ್ಟ್ರ ಮನೆಗೆ ಒಂದು ಗೊನೆ ಬಾಳೆಹಣ್ಣು ತಗಂಡು ಹೋಗೋಕೂ ಇಲ್ವನೇ? ಪಾಪ, ನೀ ಹ್ಯಾಂಗೆ ಓದ್ತೀಯೇ?”

ಇಷ್ಟೆಲ್ಲ ಹೇಳಿದೆನೆಂದು ಅವನನ್ನು ದಡ್ಡ ಎಂದುಕೊಳ್ಳಬೇಡಿ. ಹೊರಗಿನಿಂದ ಬಂದ ಪರೀಕ್ಷಕರು ಕಿನಿಸಿಯಾಲಜಿ ವೈವಾದಲ್ಲಿ ಮೂರನೇ ವರ್ಗದ ಸನ್ನೆಗೋಲಿಗೆ ಉದಾಹರಣೆ ಕೇಳಿದ್ದರು. ತರಗತಿಗೆ ತಪ್ಪದೆ ಬಂದವರೆಲ್ಲ ಪುಸ್ತಕದಲ್ಲಿದ್ದ ಮೊಣಕೈಯನ್ನು ಮಡಚಿ ತೋರಿಸಿದರು. ಇವನು ಎದ್ದು ನಿಂತು ಅಡಿಕೆ ಕೊನೆ ಇಳಿಸುವ ದೋಟಿಯೊಂದನ್ನು ಗಾಳಿಯಲ್ಲಿ ಹಿಡಿದ. ಬುಡವನ್ನು ಎಡಗೈಯಲ್ಲಿ ಸೊಂಟಕ್ಕೆ ಒತ್ತಿ, “ಇದು ಆನಿಕೆ ಸರ್.” ಬಲಗೈ ಒಂದು ಮೊಳ ಮೇಲೆ, “ಇದು ನನ್ನ ಬಲ.” ಕಣ್ಣು ಮಾಡಿನ ಕಡೆಗೆ, “ಅಗೋ ಅಲ್ಲಿ ತುದಿಯಲ್ಲಿ ಕೊನೆ, ಅದು ಭಾರ. ಬಲ ನಡುವೆ, ಭಾರ ತುದಿಗೆ. ಹಂಗಾಗಿ ಕೈ ಇಷ್ಟು ಆಡಿದ್ರೆ ತುದಿ ಅಷ್ಟು ದೂರ ಆಡ್ತದೆ. ಆದ್ರೆ ಭಾರಕ್ಕಿಂತ ಎಷ್ಟೋ ಪಾಲು ಬಲ ಹಾಕ್ಬೇಕು, ರಟ್ಟೆ ಬಿದ್ದುಹೋಗ್ತದೆ.” ಅಡಿಕೆ ಮರ ಹತ್ತುವ ಕೊನೆಗೌಡ ಒಂದು ಮರದ ತಲೆಯಿಂದ ಇನ್ನೊಂದಕ್ಕೆ ದಾಟುವಾಗ ಮರವನ್ನು ತೂಗಿ ತೂಗಿ, ಮೈಯ ಗುರುತ್ವ ಕೇಂದ್ರವನ್ನು ಯಾವ ಗಳಿಗೆಯಲ್ಲಿ ಆಚೆ ಒಗೆಯುತ್ತಾನೆ ಎಂದೂ ಕಾಲು ಬಾಗಿಸಿ ತೋರಿಸಿದ. ಪರೀಕ್ಷಕರು ಕುರ್ಚಿಯ ಅಂಚಿಗೆ ಬಂದಿದ್ದರು.

“ಇಷ್ಟು ತಿಳಿದವನು ಕ್ಲಾಸಿಗೆ ಯಾಕಯ್ಯಾ ಬರಲಿಲ್ಲ?”

“ದೋಟಿ ಹಿಡೀತಿದ್ದೆ ಸರ್.”

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲದ ಕಾರಣ ಅದೊಂದೇ. ನಿಯಮಾವಳಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಪರೀಕ್ಷಕರು ಅಂಕ ಕೊಟ್ಟರು, ಹಾಜರಿ ಕೊಡುವುದು ಅವರ ಕೈಯಲ್ಲಿ ಇರಲಿಲ್ಲ.

ಹೀಗಿರುವಾಗ 2025ರ ಜುಲೈ 14 ಬಂತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆ ಉದ್ಘಾಟನೆಯಾಯಿತು. 2.44 ಕಿಲೋಮೀಟರ್ ಉದ್ದ, ಕೇಬಲ್ಲುಗಳ ಆಸರೆಯ ಸೇತುವೆ. ಅರವತ್ತು ವರ್ಷ ಕಾದ ಜನ ಹಬ್ಬ ಮಾಡಿದರು. ಮುದುಕರು ಕೋಲೂರಿಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರು. ಮಾಣಿಯೂ ಸಿಹಿ ಹಂಚಿದ, ಪಟ ತೆಗೆಸಿಕೊಂಡ. ಸಂಜೆ ಅಮ್ಮ ಕೇಳಿದರು: “ಇನ್ನೆಂತ ಹೇಳ್ತೆ ತಮಾ?” ಪಟದಲ್ಲಿ ನಗುತ್ತಿದ್ದ ಮುಖ ಆಗ ಬಾಡಿತು.

ಮುಖ್ಯಸ್ಥರು ಪೇಪರ್ ಓದುವವರು. ಮರುದಿನ ಬೆಳಗ್ಗೆ ಗ್ರೌಂಡಿನಲ್ಲೇ ಲೆಕ್ಕ ಹಾಕಿದರು: “2440 ಮೀಟರ್ ಅಂದ್ರೆ ನಮ್ಮ ಟ್ರ್ಯಾಕಿನ ಆರು ಸುತ್ತು, ಮೇಲೆ 40 ಮೀಟರ್. ಬಸ್ಸು ತಪ್ಪಿದರೆ ಓಡಿಕೊಂಡು ಬಾ. ಪ್ರಾಕ್ಟಿಕಲ್ ಅಂಕವನ್ನೂ ಅದಕ್ಕೇ ಹಾಕಿಬಿಡ್ತೀನಿ.”

ಒಂದೆರಡು ವಾರ ಹುಡುಗ ಕಂಗೆಟ್ಟಿದ್ದ. ಸೇತುವೆಯ ಮೇಲೆ ಸೆಲ್ಫಿಯವರ ಗುಂಪು, ಬಸ್ಸು ಮುಂದೆ ಹೋಗಲಿಲ್ಲ ಎಂದು ನೋಡಿದ. ಅದು ಭಾನುವಾರಕ್ಕೆ ನಡೆಯಿತು, ಬುಧವಾರಕ್ಕೆ ನಡೆಯಲಿಲ್ಲ. ದಿಕ್ಕು ತೋಚದೆ ಮತ್ತೆ ನೀಲಿ ಫೈಲು ಬಿಚ್ಚಿ ಕುಳಿತ. ಅಷ್ಟು ವರ್ಷದ ಗೆಳೆಯ ಕೈಬಿಡಲಿಲ್ಲ. ಎರಡು ವರ್ಷದ ಕೋರ್ಸನ್ನು ಪ್ರವೇಶ ಪಡೆದ ದಿನದಿಂದ ಮೂರು ವರ್ಷದೊಳಗೆ ಮುಗಿಸಬಹುದು ಎಂಬ ಸಾಲು ಕಣ್ಣಿಗೆ ಬಿತ್ತು. ಅವತ್ತು ಹಾಸ್ಟೆಲಿನವರಿಗೆಲ್ಲ ಅವನೇ ಚಹಾ ಕುಡಿಸಿದ. “ನೋಡ್ರೋ, ದಿಲ್ಲೀಲಿ ಕೂತವರು ಒಂದು ವರ್ಷ ಎಕ್ಸ್‌ಟ್ರಾ ಇಟ್ಟಿದಾರೆ. ನನ್ನಂಥವನು ಹುಟ್ತಾನೆ ಅಂತ ಅವರಿಗೆ ಮುಂಚೆಯೇ ಗೊತ್ತಿತ್ತು.”

ಇದೇ ಉಮೇದಿನಲ್ಲಿ ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ದಾಟಿಹೋಯಿತು. ದಂಡ ಸಮೇತ ಅರ್ಜಿ ಹಿಡಿದು ಮುಖ್ಯಸ್ಥರ ಮುಂದೆ ನಿಂತ.

“ವಾಟ್ಸಾಪ್ ಗ್ರೂಪಿಗೆ ಮೂರು ಸಲ ಹಾಕಿದ್ದೆವಲ್ಲಯ್ಯಾ?”

ಮಾಣಿಯ ಮುಖದಲ್ಲಿ ಬಹಳ ದಿನದ ಮೇಲೆ ಹಳೆಯ ಕಳೆ ಬಂತು. “ಸೇತುವೆ ಏನೋ ಆಯ್ತು ಸರ್. ನೆಟ್‌ವರ್ಕ್ ಇಲ್ವಲ್ಲ. ಒಂದು ಮೆಸೇಜ್ ನೋಡ್ಬೇಕು ಅಂದ್ರೆ ಮನೆ ಹಿಂದಿನ ಗುಡ್ಡ ಹತ್ಬೇಕು.”

ಮುಖ್ಯಸ್ಥರು ಡ್ರಾಯರಿನಿಂದ ಸಿಲಬಸ್ ತೆಗೆದು, ಪುಟ ಹುಡುಕಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಅವನ ಕಡೆ ತಿರುಗಿಸಿದರು. “ಟ್ರೆಕ್ಕಿಂಗ್. ಓದು. ಅದರಲ್ಲೂ ನಿನಗೆ ಶಾರ್ಟೇಜಿದೆ.”