ರೂಟರ್ ದೊಡ್ಡಪ್ಪ

ನಮ್ಮ ಬಳಗದ ಯಾವ ಹುಡುಗನೋ ಹುಡುಗಿಯೋ ಆನ್‌ಲೈನ್ ಕೋರ್ಸಿಗೆ ಸೇರಿದ ಸುದ್ದಿ ಹೊರಬೀಳುವುದೇ ತಡ, ನನ್ನ ಷಡ್ಡಕರು ಸ್ಕೂಟರ್ ಹತ್ತುತ್ತಾರೆ. ಅದು ಯಾವ ಕೋರ್ಸು, ಪಾಠ ಮಾಡುವವರು ಯಾರು, ಪಾಸಾದರೆ ಏನು ಸಿಗುತ್ತದೆ ಎಂಬುದೆಲ್ಲ ಅವರಿಗೆ ಬೇಡ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಕೇಳುವುದು ಒಂದೇ ಪ್ರಶ್ನೆ: "ರೂಟರ್ ಎಲ್ಲಿಟ್ಟಿದ್ದೀರಿ?" ಎಲ್ಲಿಟ್ಟಿದ್ದೇವೆಂದು ಹೇಳಿದರೂ ಅದು ತಪ್ಪು ಜಾಗ.

ನನ್ನ ಹೆಂಡತಿಯ ಅಕ್ಕನ ಗಂಡ ಅವರು. ನನಗೆ ಭಾವ, ನನ್ನ ಮಗಳಿಗೆ ದೊಡ್ಡಪ್ಪ. ಬಳಗದ ಮಕ್ಕಳೆಲ್ಲ ಹಿಂದಿನಿಂದ ಕರೆಯುವುದು ರೂಟರ್ ದೊಡ್ಡಪ್ಪ ಎಂದು. ಈ ಹೆಸರು ಅವರ ಕಿವಿಗೂ ಬಿದ್ದಿದೆ. ಬೇಜಾರಾಗುವ ಬದಲು ಖುಷಿಪಟ್ಟರೆಂದು ಅಕ್ಕನ ವರದಿ.

ಈ ಜಾತಿಯವರು ಒಬ್ಬೊಬ್ಬರಾದರೂ ಎಲ್ಲರ ಮನೆಯಲ್ಲೂ ಇರುತ್ತಾರೆ, ಒಳಪಂಗಡ ಮಾತ್ರ ಬೇರೆ ಬೇರೆ. ಬೆಂಗಳೂರಿನಿಂದ ಹಬ್ಬಕ್ಕೆ ಬಂದು "ನಮ್ಮ ಆಫೀಸಲ್ಲಿ ಎರಡು ಮಾನಿಟರ್ ಇಲ್ಲದೆ ಯಾರೂ ಕೆಲಸಾನೇ ಮಾಡಲ್ಲ" ಎಂದು ಹೇಳಿ, ಹೋಳಿಗೆ ತಿಂದು, ಮಾನಿಟರ್ ಕೊಡಿಸದೆ ಹೋಗುವ ಸಾಫ್ಟ್‌ವೇರ್ ಸೋದರಳಿಯನದು ಒಂದು ಪಂಗಡ. "ಆನ್‌ಲೈನ್ ವಿದ್ಯಾರ್ಥಿಗಳಿಗೆ 21 ಸೂತ್ರಗಳು" ಎಂಬುದನ್ನು ತಾನು ಓದದೆಯೇ ಬೆಳಗಿನ ಜಾವ ಫಾರ್ವರ್ಡ್ ಮಾಡುವ ಪಕ್ಕದ ಮನೆಯವರದು ಇನ್ನೊಂದು. ನಮ್ಮ ಭಾವನದು ಅಪರೂಪದ ಪಂಗಡ. ಅವರು ದೂರವಾಣಿ ಇಲಾಖೆಯಲ್ಲಿ ಲೈನು ನೋಡಿಕೊಂಡಿದ್ದು ನಿವೃತ್ತರಾದವರು, ತಂತಿ ಸಂಪ್ರದಾಯದವರು. ಗಾಳಿಯಲ್ಲಿ ಬರುವ ಯಾವುದನ್ನೂ ಅವರು ಪೂರ್ತಿ ನಂಬುವುದಿಲ್ಲ.

ಸ್ಕೂಟರಿನ ಡಿಕ್ಕಿಯಲ್ಲಿ ಸದಾ ಒಂದು ರೆಕ್ಸಿನ್ ಚೀಲ. ಅದರಲ್ಲಿ ಟೆಸ್ಟರು, ಇನ್ಸುಲೇಷನ್ ಟೇಪು, ಹಳದಿ ಲ್ಯಾನ್ ಕೇಬಲ್ಲಿನ ಸುರುಳಿ, ಅದರ ತುದಿಗೆ ಪಿನ್ನು ಕೂರಿಸುವ ಕ್ರಿಂಪಿಂಗ್ ಟೂಲು. ಕೇಬಲ್ಲಿನೊಳಗಿನ ಎಂಟು ಎಳೆಗಳನ್ನು ಬಿಡಿಸಿ, ಕಣ್ಣು ಅರೆಮುಚ್ಚಿ, "ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು" ಎಂದು ಸಂಧ್ಯಾವಂದನೆಯ ಕೇಶವನಾಮದ ಹಾಗೆ ಒಂದೇ ಉಸಿರಿನಲ್ಲಿ ಹೇಳಿ, ಪಿನ್ನಿನೊಳಗೆ ತಳ್ಳಿ, ಕಟಕ್ಕೆಂದು ಒತ್ತುತ್ತಾರೆ. ಆಗ ಅವರ ಮುಖದಲ್ಲಿ ಕಾಣುವ ಶಾಂತಿಯನ್ನು ನಾನು ದೇವಸ್ಥಾನದಲ್ಲೂ ಕಂಡಿಲ್ಲ.

ಅವರ ಸಲಹೆಗಳು ಸುಳ್ಳಾಗಿದ್ದರೆ ನನಗೆ ಎಷ್ಟೋ ನೆಮ್ಮದಿಯಿರುತ್ತಿತ್ತು. ಮುಕ್ಕಾಲು ಪಾಲು ನಿಜ, ಸಂಕಟ ಇರುವುದೇ ಅಲ್ಲಿ. ನಮ್ಮ ರೂಟರು ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಮಗ್ಗುಲಲ್ಲಿ ಇತ್ತು. "ಲೋಹ ಸಿಗ್ನಲ್ ತಡೆಯತ್ತಯ್ಯ. ಬೀರುವಿನಲ್ಲಿರೋ ನಿನ್ನ ಪಂಚೆಗೆ ಯಾಕೆ ಇಂಟರ್ನೆಟ್ಟು?" ಎಂದು ಅದನ್ನು ಎತ್ತಿ ನಡುಮನೆಯ ಅಟ್ಟದ ಮೇಲಿಟ್ಟರು. ಮಗಳ ಕೋಣೆಗೆ ಸಿಗ್ನಲ್ ಎರಡು ಗೀಟು ಹೆಚ್ಚಾಯಿತು. 2.4 ಗಿಗಾಹರ್ಟ್ಸಿನ ವೈಫೈ ನಿಧಾನವಾದರೂ ಗೋಡೆ ದಾಟುತ್ತದೆ, 5 ಗಿಗಾಹರ್ಟ್ಸಿನದು ಜೋರು ಆದರೆ ಗೋಡೆ ಕಂಡರೆ ಸುಸ್ತಾಗುತ್ತದೆ, ಆದ್ದರಿಂದ ರೂಟರ್ ಇರುವ ಕೋಣೆಯಲ್ಲಿ ಕೂತರೆ ಎರಡನೆಯದು, ದೂರ ಕೂತರೆ ಮೊದಲನೆಯದು ಎಂದರು. ನಿಜ. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಸುಮಾರು 2.45 ಗಿಗಾಹರ್ಟ್ಸಿನಲ್ಲೇ, ಅದು ವೈಫೈಗೆ ಅಡ್ಡಬರುತ್ತದೆ ಎಂದರು. ಅದೂ ನಿಜ. ಅಂದಿನಿಂದ ಕ್ಲಾಸಿನ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಸಾರು ಬಿಸಿ ಮಾಡುವಂತಿಲ್ಲ. ತಣ್ಣನೆ ಸಾರು ಉಣ್ಣುತ್ತಾ ವಿಜ್ಞಾನದ ಮೇಲೆ ನನಗೆ ಬಂದಿರುವ ಕೋಪ ಅಷ್ಟಿಷ್ಟಲ್ಲ.

"ಎಷ್ಟರ ಪ್ಲಾನು ನಿಂದು?" ಎಂದು ಕೇಳಿದರು ಒಮ್ಮೆ. 40 ಎಂಬಿಪಿಎಸ್ ಎಂದೆ, ಸ್ವಲ್ಪ ಜಂಬದಿಂದಲೇ. "ಎಂಟರಿಂದ ಭಾಗಿಸು" ಎಂದರು. ಅದು ಬಿಟ್ಟುಗಳ ಲೆಕ್ಕ, ಫೈಲುಗಳದ್ದು ಬೈಟುಗಳ ಲೆಕ್ಕ, ಎಂಟು ಬಿಟ್ಟಿಗೆ ಒಂದು ಬೈಟು, ಆದ್ದರಿಂದ ಸೆಕೆಂಡಿಗೆ ಬರುವುದು 5 ಎಂಬಿ ಮಾತ್ರ ಎಂದು ವಿವರಿಸಿ ನನ್ನ ಜಂಬವನ್ನೂ ಎಂಟರಿಂದ ಭಾಗಿಸಿದರು. ಟಿವಿ ರಿಮೋಟು ಕೈಕೊಟ್ಟರೆ ಅಂಗೈಗೆ ಎರಡು ಸಲ ಬಡಿಯುವುದರಲ್ಲಿ ತಾಂತ್ರಿಕ ಜ್ಞಾನ ಮುಗಿದುಹೋಗುವ ನನ್ನಂಥವನು ಇದಕ್ಕೆ ಏನು ಉತ್ತರ ಕೊಟ್ಟಾನು?

ಈಗ ಬುಧವಾರದ ಕಥೆಗೆ ಬರಬೇಕು.

ನನ್ನ ಮಗಳು ಇಂಜಿನಿಯರಿಂಗ್ ಓದುತ್ತಾ ಎನ್‌ಪಿಟೆಲ್‌ನ 12 ವಾರಗಳ ಕೋರ್ಸೊಂದಕ್ಕೆ ಸೇರಿದ್ದಳು. ಎನ್‌ಪಿಟೆಲ್ ಎಂಬುದು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಶುರುಮಾಡಿದ್ದು. ವಾರವಾರವೂ ಒಂದು ಅಸೈನ್‌ಮೆಂಟು. 12ರಲ್ಲಿ ಚೆನ್ನಾಗಿ ಮಾಡಿದ 8ರ ಸರಾಸರಿಗೆ ಕೊನೆಯ ಅಂಕದಲ್ಲಿ 25, ಪರೀಕ್ಷೆಗೆ 75. ಅವಳ ಅಸೈನ್‌ಮೆಂಟಿನ ಗಡುವು ಬುಧವಾರ ರಾತ್ರಿ 11:59. ಗಡುವಿನೊಳಗೆ ಎಷ್ಟು ಸಲ ಬೇಕಾದರೂ ಸಬ್ಮಿಟ್ ಮಾಡಬಹುದು, ಕೊನೆಯದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಇದನ್ನು ತಿಳಿದಾಗಲೇ ಭಾವ ಹೇಳಿದ್ದರು, "ಮಗೂ, ಸೋಮವಾರಾನೇ ಗೊತ್ತಿರೋದನ್ನ ಹಾಕಿ ಒಂದು ಸಲ ಸಬ್ಮಿಟ್ ಮಾಡಿಡು. ಆಮೇಲೆ ತಿದ್ದಿಕೊಂಡರಾಯ್ತು." ಆನ್‌ಲೈನ್ ಕೋರ್ಸಿನ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಮಾತು ಯಾರೂ ಹೇಳಲಾರರು. ಮಗಳು "ಹೂಂ ದೊಡ್ಡಪ್ಪ" ಎಂದಳು. ಅವಳ ಹೂಂ ಎಂಥದೆಂದು ಹೆತ್ತವರಿಗೆ ಗೊತ್ತು.

ಆ ಬುಧವಾರ ಭಾವ, ಅಕ್ಕ ಊಟಕ್ಕೆ ಬಂದಿದ್ದರು. ಊಟವಾಗಿ, ಎಲೆ ಅಡಿಕೆಯಾಗಿ, ಅಕ್ಕ ಚೀಲ ಕೈಗೆತ್ತಿಕೊಂಡು ಎದ್ದೂ ಆಗಿತ್ತು. ಹತ್ತೂವರೆ ಇರಬಹುದು. ಒಳಗಿನಿಂದ ಮಗಳು ತನ್ನಷ್ಟಕ್ಕೆ ತಾನು ಗೊಣಗಿದಳು, "ಅಯ್ಯೋ, ಸ್ಲೋ ಇದೆ." ಮೆಲ್ಲಗೆ ಗೊಣಗಿದ್ದು. ದಿನವಿಡೀ "ರೀ, ಹಾಲು ತನ್ನಿ" ಎಂದು ಅಕ್ಕ ಕೂಗಿದರೆ ಕೇಳದ ಭಾವನ ಕಿವಿಗೆ ಇದು ಕೇಳಿಸಿತು. ಹಾಕಿದ್ದ ಚಪ್ಪಲಿ ಬಿಟ್ಟರು.

"ಸ್ಲೋ ಅಂದರೆ ಎಷ್ಟು?"

ಸ್ಪೀಡ್ ಟೆಸ್ಟ್ ಆಯಿತು. ಬರುವ ದಾರಿ ಪರವಾಗಿಲ್ಲ, ಹೋಗುವ ದಾರಿ ಸೊರಗಿದೆ ಎಂದು ತೀರ್ಪಾಯಿತು. ಅಂದಮೇಲೆ ಮನೆಯಲ್ಲಿ ಯಾರೋ ಎಳೆಯುತ್ತಿದ್ದಾರೆ. ನನ್ನ ಫೋನಿನ ವೈಫೈ ಆರಿಸಿದರು. ನನ್ನ ಹೆಂಡತಿ ನೋಡುತ್ತಿದ್ದ ಧಾರಾವಾಹಿ, ಸೊಸೆ ವಿಷದ ಲೋಟ ಎತ್ತುವ ಕ್ಷಣದಲ್ಲಿ, ನಿಂತಿತು. ರೂಟರಿನ ಒಳಪುಟ ತೆರೆದು ಯಾವ ಯಾವ ಸಾಧನ ಸೇರಿಕೊಂಡಿದೆ ಎಂದು ಜನಗಣತಿ ಶುರುವಾಯಿತು. ಒಂದು ಹೆಸರು ಯಾರಿಗೂ ಗುರುತು ಸಿಗಲಿಲ್ಲ. ಬರೀ ಅಕ್ಷರ, ಅಂಕಿಗಳ ಗೋಜಲು. ಭಾವ ಕನ್ನಡಕ ಹಣೆಗೇರಿಸಿ ಮೇಲ್ಮನೆಯ ಕಡೆ ನೋಡಿದರು. ಅಲ್ಲಿ ಬಾಡಿಗೆಗೆ ಒಬ್ಬ ಬ್ಯಾಚುಲರ್ ಇದ್ದ. ಒಳ್ಳೆಯ ಹುಡುಗ, ಗಣಪತಿ ಹಬ್ಬಕ್ಕೆ ಚಂದಾ ಕೊಟ್ಟವನು. "ಮುಖ ನೋಡಿದರೆ ಗೊತ್ತಾಗಲ್ಲಯ್ಯ" ಎಂದರು ಭಾವ. ಅವನ ನಡೆನುಡಿಯ ವಿಚಾರಣೆ ನಮ್ಮ ನಡುಮನೆಯಲ್ಲಿ ಪಿಸುಮಾತಿನಲ್ಲಿ ನಡೆದು, ಅಪರಾಧ ಬಹುಮಟ್ಟಿಗೆ ಸಾಬೀತಾಗುವ ಹೊತ್ತಿಗೆ, ಆ ಗೋಜಲು ಹೆಸರಿನ ಸಾಧನ ಅಡುಗೆಮನೆಯ ಡಬ್ಬಗಳ ಹಿಂದೆ ಸಿಕ್ಕಿತು. ಹೆಂಡತಿ ಅಡುಗೆ ವಿಡಿಯೋ ನೋಡಲು ಇಟ್ಟುಕೊಂಡಿದ್ದ ಹಳೆಯ ಟ್ಯಾಬು.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಅನುಮಾನ ಒಮ್ಮೆ ಎದ್ದಮೇಲೆ ಸುಮ್ಮನಿರಬಾರದೆಂದು ಭಾವ ವೈಫೈ ಪಾಸ್‌ವರ್ಡನ್ನೇ ಬದಲಾಯಿಸಿದರು. ರಾತ್ರಿ ಹನ್ನೊಂದೂ ಕಾಲಿಗೆ. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿದ ಭದ್ರವಾದ ಪಾಸ್‌ವರ್ಡು. ಮನೆಯ ಸಮಸ್ತ ಸಾಧನಗಳೂ ಒಟ್ಟಿಗೆ ಹೊರಬಿದ್ದವು, ಅಸೈನ್‌ಮೆಂಟಿನ ಎಂಟನೆಯ ಪ್ರಶ್ನೆಯಲ್ಲಿದ್ದ ಮಗಳ ಲ್ಯಾಪ್‌ಟಾಪೂ ಸೇರಿ. ಪಾಸ್‌ವರ್ಡನ್ನು ಹಾಲಿನ ಲೆಕ್ಕದ ಚೀಟಿಯ ಹಿಂದೆ ಬರೆದಿದ್ದರು. ಮೂರನೆಯದು ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ ಎಂದು ಬರೆದವರಿಗೇ ಜ್ಞಾಪಕವಿಲ್ಲ. ಎರಡನ್ನೂ ಹಾಕಿ ನೋಡಿದ್ದಾಯಿತು. ಕೊನೆಗೆ ರೂಟರಿನ ಬೆನ್ನಿನ ಪುಟ್ಟ ತೂತಿಗೆ ಚುಚ್ಚಲು ನನ್ನ ಹೆಂಡತಿಯ ಹೇರ್‌ಪಿನ್ನು ಕೇಳಿದರು.

ಅವರು ಪಿನ್ನು ಹಿಡಿದು ಅಟ್ಟದ ಕೆಳಗೆ ಸ್ಟೂಲು ಹತ್ತಿದ್ದಾಗ ಮಗಳು ಅಮ್ಮನ ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿಕೊಂಡು ಸದ್ದಿಲ್ಲದೆ ಸಬ್ಮಿಟ್ ಮಾಡಿದಳು. "ಹೋಯ್ತು ದೊಡ್ಡಪ್ಪ" ಎಂದಳು. ಭಾವ ಸ್ಟೂಲಿನ ಮೇಲಿಂದಲೇ ನನ್ನ ಕಡೆ ತಿರುಗಿ, "ನೋಡಿದೆಯಾ? ಪಾಸ್‌ವರ್ಡು ಬದಲಾಯಿಸಿದ ತಕ್ಷಣ ಹೇಗೆ ಹೋಯ್ತು!" ಎಂದರು. ನಾನು ಬಾಯಿ ತೆರೆದೆ. ಹೆಂಡತಿ ಕಣ್ಣಲ್ಲೇ ಬೇಡವೆಂದಳು. ಮುಚ್ಚಿದೆ.

ಸಣ್ಣಪುಟ್ಟ ಗುಣಗಳು ಇನ್ನೂ ಇವೆ. ಫೈಲಿಗೆ ಯುಎಸ್‌ಎನ್, ವಿಷಯ, ವಾರ ಇಷ್ಟೂ ಸೇರಿಸಿ ಹೆಸರಿಡದ ಮಕ್ಕಳನ್ನು ಅನಾಮಧೇಯ ಪತ್ರ ಬರೆಯುವವರಂತೆ ಕಾಣುತ್ತಾರೆ. ಕ್ಲಾಸಿಗೆ ಮುಂಚೆ ಲ್ಯಾಪ್‌ಟಾಪ್ ಅಪ್‌ಡೇಟ್ ಕೇಳಿದರೆ "ಆಮೇಲೆ" ಎಂದು ಒತ್ತುವುದನ್ನು ಕಲಿಸಿದ್ದಾರೆ. ಆ "ಆಮೇಲೆ"ಯನ್ನು ಮಕ್ಕಳು ಜೀವನದ ಎಲ್ಲ ಕಡೆಗೂ ವಿಸ್ತರಿಸಿಕೊಂಡಿದ್ದಾರೆ. ಎನ್‌ಪಿಟೆಲ್ ಪರೀಕ್ಷೆಯನ್ನು ಕೇಂದ್ರಕ್ಕೇ ಹೋಗಿ ಬರೆಯಬೇಕೆಂದು ಗೊತ್ತಾದ ದಿನ ಮಾತ್ರ ಅವರು ಪೆಚ್ಚಾಗಿದ್ದು. "ಕಂಪ್ಯೂಟರು ಅವರದೇನಾ? ನೆಟ್ಟೂ ಅವರದೇನಾ?" ಎಂದು ಕೇಳಿ, ಹೌದೆಂದಾಗ ಬಹಳ ಹೊತ್ತು ಯೋಚಿಸಿ, "ಹಾಗಾದರೆ ಓದಿಕೋಬೇಕಾಗತ್ತೆ ಮಗೂ" ಎಂದರು. ಅಷ್ಟು ವರ್ಷಗಳಲ್ಲಿ ಓದಿನ ಬಗ್ಗೆ ಅವರು ಕೊಟ್ಟ ಸಲಹೆ ಅದೊಂದೇ.

ರೂಟರಿಗೊಂದು ಪುಟ್ಟ ಯುಪಿಎಸ್ ತಂದು ಕೂರಿಸಿದವರೂ ಅವರೇ. ಕರೆಂಟು ಹೋದಾಗ ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತದೆ, ರೂಟರಿಗೆ ಇರುವುದಿಲ್ಲ, ಮೊದಲು ಸಾಯುವುದು ಅದೇ ಎಂಬುದನ್ನು ನಾವು ಯಾರೂ ಯೋಚಿಸಿರಲಿಲ್ಲ. "ನಮ್ಮ ಕಾಲದ ಫೋನು ಕರೆಂಟು ಹೋದರೂ ಸಾಯ್ತಿರಲಿಲ್ಲ ಕಣಯ್ಯ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ತಂತೀಲಿ 48 ವೋಲ್ಟು ಬರ್ತಿತ್ತು. ಊರೆಲ್ಲ ಕತ್ತಲಾದರೂ ಡಯಲ್ ಟೋನ್ ಇರ್ತಿತ್ತು" ಎಂದರು, ಯುಪಿಎಸ್ಸಿನ ಹಸಿರು ದೀಪ ನೋಡುತ್ತಾ.

2020ರ ಮಾರ್ಚಿನಲ್ಲಿ ಲಾಕ್‌ಡೌನಾಗಿ, ಆಮೇಲೆ ಕಾಲೇಜುಗಳೆಲ್ಲ ಮೊಬೈಲಿನೊಳಗೆ ಬಂದವಲ್ಲ, ಆಗ ಭಾವನ ಫೋನಿಗೆ ಬಿಡುವೇ ಇರಲಿಲ್ಲ. ಮಲೆನಾಡಿನ ಕಡೆಯ ನಮ್ಮ ನೆಂಟರ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದರು. ಅವರಿಗೆ ಹೋಗಿ ಕೇಬಲ್ ಎಳೆದುಕೊಡುವಂತಿಲ್ಲ. ವಿಡಿಯೋ ಆರಿಸಿ ಧ್ವನಿ ಮಾತ್ರ ಕೇಳು, ಪಾಠದ ವಿಡಿಯೋ ಬೆಳಗಿನ ಜಾವ ಟವರು ಖಾಲಿ ಇರುವಾಗ ಇಳಿಸಿಕೋ, ವಿಡಿಯೋ ಬರದಿದ್ದರೆ ಬರಹದ ಪಾಠವಾದರೂ ಇಳಿಸು, ಹಾಜರಿ ಹೋದರೆ ಆಗಲೇ ಮೇಷ್ಟರಿಗೆ ಮೆಸೇಜು ಹಾಕಿ ಸ್ಕ್ರೀನ್‌ಷಾಟ್ ಇಟ್ಟುಕೋ ಎಂದು ಒಬ್ಬೊಬ್ಬರಿಗೂ ಕೂತು ಹೇಳುತ್ತಿದ್ದರು. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಚಿತ್ರವೊಂದು ಎಲ್ಲ ಕಡೆ ಓಡಾಡಿತು: ರಸ್ತೆ ಬದಿಯಲ್ಲಿ ಕೂತು ಮಗಳು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ, ಅಪ್ಪ ಅವಳಿಗೆ ಕೊಡೆ ಹಿಡಿದು ನಿಂತಿದ್ದಾನೆ. ನಾವೆಲ್ಲ ತಂದೆಯ ಪ್ರೀತಿ ಎಂದು ಕಣ್ಣು ಒದ್ದೆ ಮಾಡಿಕೊಂಡೆವು. ಭಾವ ಅದನ್ನು ಬಹಳ ಹೊತ್ತು ನೋಡಿ, ಸಿಟ್ಟಿನಿಂದ ಕೇಳಿದರು: "ಅಲ್ಲಿಯ ಲೈನು ಯಾರ ಕೈಯಲ್ಲಿದೆ? ಕಂಪ್ಲೇಂಟು ಯಾರು ಬರಕೊಂಡಿದ್ದಾರೆ?"

ಈ ಸಿಟ್ಟು ನನಗೆ ಅರ್ಥವಾಗಲು ಸಮಯ ಹಿಡಿಯಿತು. ಅವರ ಕಾಲದಲ್ಲಿ ಫೋನು ಕೆಟ್ಟರೆ ಪಕ್ಕದ ಮನೆಯಿಂದ 198ಕ್ಕೆ ಡಯಲ್ ಮಾಡಿ ಡಾಕೆಟ್ ನಂಬರು ಪಡೆಯುತ್ತಿದ್ದೆವು. ಆಮೇಲೆ ಅದು ಇಲಾಖೆಯ ತಲೆನೋವು. ತಡವಾಗುತ್ತಿತ್ತು, ಬೈಯುತ್ತಿದ್ದೆವು, ಆದರೆ ಕಂಬ ಹತ್ತಬೇಕಾದವನು ಚಂದಾದಾರನಲ್ಲ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಈಗ ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ 'ಸ್ವಯಂ' ಎಂಬ ಆನ್‌ಲೈನ್ ವೇದಿಕೆಯ ಮೂಲಕ ಓದಬಹುದು. ಒಳ್ಳೆಯದೇ, ಹಳ್ಳಿಯ ಹುಡುಗಿಗೂ ಐಐಟಿಯ ಮೇಷ್ಟರು ಸಿಗುತ್ತಾರೆ. ಆದರೆ ಪಾಠದ ಜೊತೆಗೆ ಕಂಬ ಹತ್ತುವ ಕೆಲಸವನ್ನೂ ಅವಳಿಗೇ ವಹಿಸಿದ್ದೇವೆ. ಸಿಗ್ನಲ್ ಹೋದರೆ ಅವಳ ಹಾಜರಿ, ಕರೆಂಟು ಹೋದರೆ ಅವಳ ಅಂಕ. ನಾವು ಸಲಹೆಗಳೆಂದು ಹಂಚುವ ಪಟ್ಟಿಯೆಲ್ಲ ಹಳೆಯ ಲೈನ್‌ಮ್ಯಾನ್ ಮಾಡುತ್ತಿದ್ದ ಕೆಲಸದ ಪಟ್ಟಿಯೇ. ಆ ಹುದ್ದೆ ಹೋದರೂ ಇನ್ನೂ ಡ್ಯೂಟಿಯ ಮೇಲಿರುವವರು ನಮ್ಮ ಭಾವ, ಸ್ವಂತ ಪೆಟ್ರೋಲಿನಲ್ಲಿ.

ಇಷ್ಟೆಲ್ಲ ಯೋಚಿಸಿ ಮನಸ್ಸು ಮೆತ್ತಗಾಗಿದ್ದ ಒಂದು ದಿನ ಅವರಲ್ಲಿ ಅರಿಕೆ ಮಾಡಿಕೊಂಡೆ. "ಭಾವ, ನೀವು ಬಂದರೆ ನಮಗೆಲ್ಲ ಸಂತೋಷವೇ. ಬುಧವಾರ ಒಂದು ಬಿಟ್ಟು ಸೋಮವಾರ ಬನ್ನಿ. ತಿಂಡಿಗೇ ಬನ್ನಿ, ಇವಳು ಸೆಟ್ ದೋಸೆ ಮಾಡ್ತಾಳೆ. ನಿಧಾನವಾಗಿ ಎಲ್ಲ ನೋಡಬಹುದು."

ಭಾವ ನನ್ನನ್ನು ಕನಿಕರದಿಂದ ನೋಡಿದರು.

"ಸೋಮವಾರ ನಿಮ್ಮ ನೆಟ್ಟು ಚೆನ್ನಾಗೇ ಇರತ್ತಲ್ಲಯ್ಯ. ಬಂದು ಏನು ಮಾಡಲಿ?"