ಒಂದು ಬಿಡು, ಒಂದು ಚುಚ್ಚು

ಕ್ರೋಶಾದ ಮಾಸ್ ಸ್ಟಿಚ್ ಬಲು ಸುಲಭ ಎನ್ನುವವರನ್ನು ನಂಬಬೇಡಿ. ಬಾಯಲ್ಲಿ ಹೇಳಲು ಸುಲಭವೇ: ಒಂದು ಡಬಲ್ ಹಾಕು, ಒಂದು ಸರಪಳಿ ಎಳೆ, ಕೆಳಗಿನದೊಂದು ಬಿಡು, ಮತ್ತೆ ಡಬಲ್. ಮುಂದಿನ ಸಾಲಿನಲ್ಲಿ ಹಿಂದಿನ ಸರಪಳಿಯ ಸಂದಿಗೇ ಕಡ್ಡಿ ಚುಚ್ಚು. (ಅಮೆರಿಕದವರ ವಿಡಿಯೊ ನೋಡಿದರೆ ಇದೇ ಡಬಲ್ ಸಿಂಗಲ್ ಆಗಿರುತ್ತದೆ, ಆ ಜಗಳ ನನಗೆ ಬೇಡ.) ಸಾಲು ಏರಿದಂತೆ ಮೈತುಂಬ ಸಣ್ಣ ಸಣ್ಣ ಕಾಳೆದ್ದು, ಮುಟ್ಟಿದ ಕೈ ತೆಗೆಯಲು ಮನಸ್ಸಾಗದಷ್ಟು ಮೆತ್ತಗಾಗುತ್ತದಂತೆ.

ನನ್ನ ಮೊದಲ ತುಂಡು ತೆಂಗಿನ ನಾರಿನ ಕಾಲೊರಸಿನಂತಿತ್ತು. ಗೋಡೆಗೆ ಒರಗಿಸಿದರೆ ನಿಂತುಕೊಳ್ಳುತ್ತಿತ್ತು. ದಾರ ಕಂಡರೆ ಜಗ್ಗುವ ಕೈ ನನ್ನದು. ನಾನು ಕಟ್ಟಿದ ಮಾಲೆಯಲ್ಲಿ ಮಲ್ಲಿಗೆಗೂ ಉಸಿರಾಡಲು ಆಗುತ್ತಿರಲಿಲ್ಲ. ಈ ಹೆಣಿಗೆಯ ಮೆತ್ತನೆಯೆಲ್ಲ ಇರುವುದೇ ಆ ಬಿಟ್ಟ ಸಂದಿಗಳಲ್ಲಿ. 4 ಮಿ.ಮೀ. ಕಡ್ಡಿ ಎತ್ತಿಟ್ಟು 5 ಮಿ.ಮೀ.ದು ಹಿಡಿದ ಮೇಲೆ ಬಟ್ಟೆ ಬಾಗಲು ಒಪ್ಪಿತು.

ಹೊದಿಕೆ ಮೈಸೂರಿನಲ್ಲಿರುವ ನಾದಿನಿಯ ಮಗುವಿಗೆ. ಏಪ್ರಿಲ್‌ನಲ್ಲಿ ಹುಟ್ಟುವ ಕೂಸಿಗೆ ಉಲ್ಲನ್ ಯಾಕೆ ಎಂದು ಕೇಳಿದವರ ಜೊತೆಗೇ ನಾನು ಸಂಸಾರ ಮಾಡುತ್ತಿರುವುದು. ರಾಣಿ ವಿಕ್ಟೋರಿಯಾ 1900ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಬೋಯರ್ ಯುದ್ಧದ ಸೈನಿಕರಿಗೆಂದು ತನ್ನ ಕೈಯಾರೆ ಎಂಟು ಉಲ್ಲನ್ ಸ್ಕಾರ್ಫ್ ಹೆಣೆದಿದ್ದಳು, ಆಫ್ರಿಕಾಕ್ಕೆ ಹೋಗಬಹುದಾದರೆ ಮೈಸೂರಿಗೆ ಯಾಕೆ ಹೋಗಬಾರದು ಎಂದೆ. "ಅವಳಿಗೆ ಅಡುಗೆಯವರಿದ್ರು" ಎಂದರು.

ಹೀಗಾಗಿ ಹೆಣಿಗೆ ರೈಲಿಗೆ ಬಂತು. ಹೌನ್ಸ್ಲೋ ಈಸ್ಟ್‌ನಲ್ಲಿ ಪಿಕಡಿಲಿ ಲೈನ್ ಹತ್ತಿ, ಸೀಟು ಸಿಕ್ಕರೆ ಕಡ್ಡಿ ತೆಗೆಯುವುದು. ಎಣಿಕೆ ತಪ್ಪಬಾರದೆಂದು ತುಟಿಯಲ್ಲೇ ಹೇಳಿಕೊಳ್ಳುತ್ತೇನೆ, ಕನ್ನಡದಲ್ಲಿ. ಎದುರಿನ ಬಿಳಿಕೂದಲಿನ ಹೆಂಗಸು ಒಮ್ಮೆ ನೋಡಿ, ಜಪವೆಂದುಕೊಂಡರೋ ಏನೋ, ಭಕ್ತಿಯಿಂದ ಕಣ್ಣು ತಗ್ಗಿಸಿದರು. ನಾನೂ ಬೆನ್ನು ನೆಟ್ಟಗೆ ಮಾಡಿ, ಮುಖಕ್ಕೆ ಒಂದಿಷ್ಟು ಶಾಂತಿ ತಂದುಕೊಂಡೆ. ಸಿಕ್ಕ ಗೌರವ ಯಾಕೆ ಬಿಡಬೇಕು?

ಬ್ಯಾರನ್ಸ್ ಕೋರ್ಟ್ ದಾಟಿದರೆ ಸುರಂಗ. ಅಲ್ಲಿಂದ ರೈಲಿನ ಕಿರುಚಾಟ ಶುರು. ನನ್ನ ಎಣಿಕೆ ನನಗೇ ಕೇಳದಾಯಿತು. ದನಿ ಸ್ವಲ್ಪ ಏರಿಸಿದೆ. ಹಳಿ ಇನ್ನಷ್ಟು ಕಿರುಚಿತು, ನಾನೂ ಬಿಡಲಿಲ್ಲ. ಅರ್ಲ್ಸ್ ಕೋರ್ಟ್ ಆದಮೇಲಂತೂ ನನಗೂ ರೈಲಿಗೂ ನೇರ ಪೈಪೋಟಿ. ಆಗ ಕೆಂಪು ಸಿಗ್ನಲ್ ಬಿತ್ತೋ ಏನೋ, ರೈಲು ನಿಂತಿತು. ಸದ್ದೆಲ್ಲ ಒಮ್ಮೆಗೇ ಇಂಗಿತು. ಲಂಡನ್ನಿನ ಬೆಳಗಿನ ರೈಲಿನ ಮೌನ ಗೊತ್ತಲ್ಲ, ಅದರ ನಟ್ಟನಡುವೆ ನನ್ನ ಕಂಠ: "ಒಂದು ಬಿಡು! ಒಂದು ಚುಚ್ಚು!"

ಪತ್ರಿಕೆಗಳು ತಗ್ಗಿದವು. ಪಕ್ಕದಲ್ಲಿದ್ದವರು ನನ್ನ ಕೈಯಲ್ಲಿದ್ದ ಕಡ್ಡಿ ನೋಡಿ, ಸೀಟು ಬಿಡದೆ ಎಷ್ಟು ಸರಿಯಬಹುದೋ ಅಷ್ಟು ಸರಿದರು. ಬಿಳಿಕೂದಲಿನವರ ಭಕ್ತಿ ಹಾರಿಹೋಯಿತು. ಭಾಷೆ ಯಾರಿಗೂ ತಿಳಿದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ, ಬಾಗಿಲಿಗೆ ಒರಗಿ ನಿಂತಿದ್ದ ಲ್ಯಾಪ್‌ಟಾಪ್ ಚೀಲದ ಹುಡುಗ ಕಿವಿಯಿಂದ ಇಯರ್‌ಫೋನ್ ತೆಗೆದ.

"ಯಾರಿಗೆ ಆಂಟಿ ಚುಚ್ಚಬೇಕು?"

ಚುಚ್ಚಿದ್ದು ಆಂಟಿ. ಆದರೂ ಕನ್ನಡದ ಹುಡುಗ, ಹಿಗ್ಗಿನಿಂದ ಹೊದಿಕೆ ಹರಡಿ ತೋರಿಸಿದೆ. ಮುಟ್ಟಿ ನೋಡಿದ. "ಸಕತ್ತಾಗಿದೆ. ಆದ್ರೆ ಇಂಥದ್ದು ಅಂಗಡೀಲಿ ಐದು ಪೌಂಡಿಗೆ ಸಿಗುತ್ತಲ್ಲ?"

ಅಲ್ಲಿಗೆ ನನ್ನ ನಗು ಮುಗಿಯಿತು. ಮಗನೇ, ಯಂತ್ರದಿಂದ ಬರುವುದು ಇದರ ಅಣಕು, ನಿಜವಾದ ಕ್ರೋಶಾ ಕೈಯಲ್ಲೇ ಆಗಬೇಕು ಎಂದೆ. ಐದು ಪೌಂಡಿನಲ್ಲಿ ಅಂಗಡಿಯವನ ಪಾಲು, ಹಡಗಿನ ಪಾಲು, ದಲ್ಲಾಳಿಯ ಪಾಲು ಕಳೆದು ಆ ಕೈಗೆ ಏನು ಉಳಿಯುತ್ತೆ, ಲೆಕ್ಕ ಹಾಕು. ಆಂಧ್ರದ ನರಸಾಪುರದ ಹೆಂಗಸರು ಇದೇ ಕಡ್ಡಿಯಲ್ಲಿ ಲೇಸ್ ಹೆಣೆದು ಹೊರದೇಶಗಳನ್ನು ಸಿಂಗರಿಸಿದರು. ದಿನವಿಡೀ ದುಡಿದರೂ ಅವರಿಗೆ ಸಿಕ್ಕ ಹೆಸರು ಗೃಹಿಣಿ, ಕೆಲಸಕ್ಕೆ ಸಿಕ್ಕ ಹೆಸರು ಬಿಡುವಿನ ಹವ್ಯಾಸ. ಮರಿಯಾ ಮೀಸ್ ಅವರ ಬಗ್ಗೆಯೇ ಬರೆದ ಪುಸ್ತಕ 1982ರಲ್ಲಿ ಇದೇ ಲಂಡನ್ನಿನಿಂದ ಬಂದಿದೆ, ಓದು. ನನ್ನದೂ ಹವ್ಯಾಸವೇ, ಆದರೆ ನನಗೆ ತಿಂಗಳ ಸಂಬಳ ಬೇರೆ ಕಡೆಯಿಂದ ಬರುತ್ತೆ, ಅವರಿಗೆ?

ರೈಲು ಯಾವಾಗಲೋ ಹೊರಟಿತ್ತು. ಗ್ಲಾಸ್ಟರ್ ರೋಡ್, ಸೌತ್ ಕೆನ್ಸಿಂಗ್ಟನ್, ನೈಟ್ಸ್‌ಬ್ರಿಜ್ ಎಲ್ಲ ಬಂದು ಹೋದವು. ನಾನು ದಲ್ಲಾಳಿಯ ಪಾಲಿಗೆ ಮತ್ತೆ ವಾಪಸು ಬಂದಿದ್ದೆ. ಗ್ರೀನ್ ಪಾರ್ಕ್‌ನಲ್ಲಿ ಹುಡುಗ "ನನ್ನ ಸ್ಟೇಷನ್ ಬಂತು ಆಂಟಿ" ಎಂದು ಕೈಮುಗಿದು ಇಳಿದ. ಇಳಿದವನು ಪ್ಲಾಟ್‌ಫಾರ್ಮಿನ ಮೇಲೆ ನಾಲ್ಕು ಹೆಜ್ಜೆ ಓಡಿ ಅದೇ ರೈಲಿನ ಮುಂದಿನ ಡಬ್ಬಿ ಹತ್ತಿದ್ದನ್ನು ನಾನು ಕಿಟಕಿಯಿಂದ ನೋಡಿದೆ.