ರವಿಕೆ ಕಣದ ಚಲನಶಾಸ್ತ್ರ

ಕೆಲಸ, ಮದುವೆ, ಆಸ್ಪತ್ರೆಯಲ್ಲೊಂದು ಹಾಸಿಗೆ, ಎಲ್‌ಕೆಜಿಗೊಂದು ಸೀಟು ಎಂಬ ನಾಲ್ಕು ಪುರುಷಾರ್ಥಗಳೂ ಪರಿಚಯದಿಂದಲೇ ಸಿದ್ಧಿಸುತ್ತವೆ ಎಂಬುದರಲ್ಲಿ ವಿದ್ವಾಂಸರಿಗೆ ತಕರಾರಿಲ್ಲ. ಪರಿಚಯ ಯಾವುದರಿಂದ ಸಿದ್ಧಿಸುತ್ತದೆ ಎಂಬಲ್ಲೇ ಜಗಳ.

ಪೂರ್ವಪಕ್ಷದವರ ವಾದ ಇಷ್ಟು: ವಿಸಿಟಿಂಗ್ ಕಾರ್ಡ್ ಹಂಚಬೇಕು, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಗುರುತಿಲ್ಲದವರ ಕೈ ಕುಲುಕಬೇಕು, 2003ರಲ್ಲಿ ಶುರುವಾದ ಲಿಂಕ್ಡ್‌ಇನ್‌ನಲ್ಲಿ ಯಾರದೋ ನೌಕರಿಯ ವಾರ್ಷಿಕೋತ್ಸವಕ್ಕೆ ಶುಭಾಶಯ ಒತ್ತಬೇಕು. ಈ ವಾದ ನಿಲ್ಲುವುದಿಲ್ಲ. ಹಾಗೆ ಒತ್ತಿಸಿಕೊಂಡವರು ಒಬ್ಬರಾದರೂ ಗೃಹಪ್ರವೇಶಕ್ಕೆ ಬಂದು ಊಟ ಮಾಡಿ ಹೋದ ದಾಖಲೆ ನಮಗೆ ಸಿಕ್ಕಿಲ್ಲ. ನಮ್ಮ ಸಿದ್ಧಾಂತದ ಪ್ರಕಾರ ಗಟ್ಟಿಯಾದ ಪರಿಚಯಜಾಲಕ್ಕೆ ಬೇಕಾದದ್ದು 80 ಸೆಂಟಿಮೀಟರ್ ಪಾಲಿಯೆಸ್ಟರ್ ಬಟ್ಟೆ. ಅಂದರೆ ರವಿಕೆ ಕಣ. ಈಗಿನವರ ಬಾಯಲ್ಲಿ ಬ್ಲೌಸ್ ಪೀಸು.

ಅಧ್ಯಯನಕ್ಕೆ ಆರಿಸಿಕೊಂಡ ಕ್ಷೇತ್ರ ಬೆಂಗಳೂರಿನ ತ್ಯಾಗರಾಜನಗರ. ಎನ್.ಆರ್. ಕಾಲೊನಿ, ಜಯನಗರ, ಬನಶಂಕರಿಗಳ ನಡುವೆ ಸಿಕ್ಕಿಕೊಂಡಿರುವ ಈ ಬಡಾವಣೆಯ ನಿವಾಸಿಗಳು ಪರಸ್ಥಳದವರು ಕೇಳಿದರೆ 'ಬಸವನಗುಡಿ' ಎಂದುಬಿಡುವುದುಂಟು. ಅದು ಬೇರೆ ಪ್ರಬಂಧದ ವಸ್ತು.

ನಮಗಿಂತ ಮೊದಲು ಈ ಶಾಸ್ತ್ರವನ್ನು ಮುಟ್ಟಿದವನು ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ. ಪಾಪ, ತ್ಯಾಗರಾಜನಗರ ಗೊತ್ತಿಲ್ಲದ ಕಾರಣ ಪಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪಗಳವರೆಗೂ ಹೋದ. 1922ರಲ್ಲಿ ಅವನು ಪ್ರಕಟಿಸಿದ ಗ್ರಂಥದ ಪ್ರಕಾರ, ಅಲ್ಲಿನವರು ದೋಣಿ ಕಟ್ಟಿಕೊಂಡು ದ್ವೀಪದಿಂದ ದ್ವೀಪಕ್ಕೆ ಹೋಗಿ ಕೆಂಪು ಚಿಪ್ಪಿನ ಹಾರ ಕೊಟ್ಟು ಬಿಳಿ ಚಿಪ್ಪಿನ ತೋಳಬಳೆ ಪಡೆಯುತ್ತಾರೆ. ಹಾರ ಪ್ರದಕ್ಷಿಣೆಯಾಗಿ ಸುತ್ತುತ್ತದೆ, ಬಳೆ ಅಪ್ರದಕ್ಷಿಣೆಯಾಗಿ. ಯಾವುದನ್ನೂ ಬಹುಕಾಲ ಇಟ್ಟುಕೊಳ್ಳುವಂತಿಲ್ಲ. 'ಕುಲಾ' ಎಂಬ ಈ ವ್ಯವಹಾರದಲ್ಲಿ ಒಮ್ಮೆ ಜೊತೆಯಾದವರು ಸಾಯುವತನಕ ಜೊತೆ. ಅವನ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿ ನಮಗೆ ಮುಖ್ಯ: ಆ ಬಳೆಗಳಲ್ಲಿ ನೂರಕ್ಕೆ ತೊಂಬತ್ತು ಪುಟ್ಟ ಮಕ್ಕಳ ತೋಳಿಗೂ ಹಿಡಿಸದಷ್ಟು ಚಿಕ್ಕವು.

ರವಿಕೆ ಕಣವೂ ಹಾಗೆಯೇ. ಅದನ್ನು ಯಾರೂ ಹೊಲಿಸುವುದಿಲ್ಲ. ವರಮಹಾಲಕ್ಷ್ಮಿಯ ಸಂಜೆ ಹೊರಟ ಕಣ ಗೌರಿಹಬ್ಬದ ಬಾಗಿನದ ಮೊರದಲ್ಲಿ ಎರಡನೇ ಮನೆ ಸೇರುತ್ತದೆ, ದಸರಾ ಗೊಂಬೆ ನೋಡಲು ಬಂದವರ ಚೀಲ ಹೊಕ್ಕು ಮೂರನೆಯದಕ್ಕೆ ಹೋಗುತ್ತದೆ, ಸಂಕ್ರಾಂತಿಯ ಹೊತ್ತಿಗೆ ಎಳ್ಳಿನ ಡಬ್ಬಿಯ ಅಡಿಯಲ್ಲಿ ಕೂತು ಮತ್ತೆ ಬೀದಿಗಿಳಿಯುತ್ತದೆ. ಕಣದ ವಯಸ್ಸು ಹೇಳುವ ವಿಧಾನವನ್ನೂ ನಾವು ಕಂಡುಕೊಂಡಿದ್ದೇವೆ. ಪ್ಲಾಸ್ಟಿಕ್ ಕವರು ಗರಿಗರಿ ಎಂದರೆ ಈ ಸಾಲಿನದು. ಬೆಲೆಯ ಚೀಟಿ ಕಿತ್ತ ಜಾಗದಲ್ಲಿ ಅಂಟಿಗೆ ದೂಳು ಹಿಡಿದಿದ್ದರೆ ಎರಡು ಗೌರಿ ಕಂಡದ್ದು. ಮಡಿಕೆಯ ಉದ್ದಕ್ಕೂ ಬಿಳಚಿದ ಗೆರೆ, ಮೂಲೆಯಲ್ಲಿ ಅರಿಶಿನದ ಬೆರಳಚ್ಚು ಇದ್ದರೆ ಅದು ನಮ್ಮ ಮೆಟ್ರೊಗಿಂತ ಹಳೆಯದೆಂದು ತಿಳಿಯತಕ್ಕದ್ದು.

ಬೀರುವಿನ ಕೆಳಖಾನೆಯಲ್ಲಿ ಕಣಗಳದ್ದೇ ಒಂದು ದಫ್ತರಖಾನೆ ಇರುತ್ತದೆ. ಕೊಟ್ಟವರಿಗೇ ವಾಪಸು ಹೋಗಬಾರದೆಂಬ ಎಚ್ಚರಿಕೆಗೆ ಮಡಿಕೆಯೊಳಗೆ ಹೆಸರು ಬರೆದ ಚೀಟಿ ಸಿಕ್ಕಿಸುತ್ತಾರೆ. ದಾಟಿಸುವಾಗ ಚೀಟಿ ತೆಗೆಯಲು ಮರೆತರೆ ಜಾಲ ಅಲ್ಲಿಗೆ ಹರಿಯುತ್ತದೆ. ಎದುರುಮನೆಯವರ ಹೆಸರಿನ ಚೀಟಿ ಎದುರುಮನೆಯವರ ಕೈಗೇ ಸಿಕ್ಕ ಪ್ರಕರಣವೊಂದರಲ್ಲಿ ಎರಡು ಮನೆಯ ನಾಯಿಗಳೂ ಮಾತು ಬಿಟ್ಟವು.

'ಒಳ್ಳೆಯ ಬಟ್ಟೆ ಕೊಟ್ಟರೆ ಜಾಲ ಇನ್ನೂ ಗಟ್ಟಿಯಾಗದೆ?' ಎಂದು ಆಕ್ಷೇಪಿಸಬಹುದು. ಆಗದು. ಟೂ ಬೈ ಟೂ ರುಬಿಯಾ ಕೊಟ್ಟು ನೋಡಿ: ಮರುವಾರವೇ ಟೈಲರ್ ಹತ್ತಿರ ಹೋಗುತ್ತದೆ, ಹೊಲಿಗೆಯಾಗುತ್ತದೆ, ಚಲನೆ ನಿಲ್ಲುತ್ತದೆ. ಕೊಟ್ಟದ್ದು ಉಪಯೋಗಕ್ಕೆ ಬಂತೆಂದರೆ ಲೆಕ್ಕ ಚುಕ್ತಾ. ಲೆಕ್ಕ ಚುಕ್ತಾ ಆಯಿತೆಂದರೆ ಮತ್ತೆ ಗೇಟು ತೆಗೆಯಲು ಕಾರಣವಿಲ್ಲ.

ಇನ್ನು ಫಲಶ್ರುತಿ. ನಿಜವಾದ ವ್ಯವಹಾರ ನಡೆಯುವುದು ಕುಂಕುಮದ ಬಟ್ಟಲಿಗೂ ಚಪ್ಪಲಿ ಮೆಟ್ಟುವುದಕ್ಕೂ ನಡುವಿನ ಅವಧಿಯಲ್ಲಿ.

"ಕೂತ್ಕೊಳ್ರೀ, ಕಾಫಿ ಬೆರೆಸ್ತೀನಿ."

"ಅಯ್ಯೋ ಬೇಡಿ, ಇನ್ನೂ ನಾಲ್ಕು ಮನೆ ಇದೆ."

"ಮಗನಿಗೆ ಕೆಲಸ ಆಯ್ತಾ?"

"ಎಲ್ಲಿ ಆಯ್ತು, ಮನೇಲೇ ಇದಾನೆ."

"ಮುಂಚೇನೇ ಹೇಳ್ಬಾರ್ದಾ? ನಮ್ಮ ಓರಗಿತ್ತಿ ತಮ್ಮನ ಷಡ್ಡಕ ಎಲೆಕ್ಟ್ರಾನಿಕ್ ಸಿಟೀಲಿ ಎಚ್‌ಆರು. ರೆಸ್ಯೂಮೆ ವಾಟ್ಸಾಪ್ ಮಾಡ್ಸಿ."

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಇದನ್ನೇ 1973ರಲ್ಲಿ ಬಹಳ ಕಷ್ಟಪಟ್ಟು ನಿರೂಪಿಸಿದ. ಬಾಸ್ಟನ್ ಪಕ್ಕದ ನ್ಯೂಟನ್ನಿನಲ್ಲಿ ಪರಿಚಯದ ಮೂಲಕ ಕೆಲಸ ಹಿಡಿದವರನ್ನು ವಿಚಾರಿಸಿದರೆ, ನೂರರಲ್ಲಿ 83 ಮಂದಿಗೆ ಸುಳಿವು ಕೊಟ್ಟವರು ಆಪ್ತರಲ್ಲ, ಆಗೀಗ ಅಥವಾ ಅಪರೂಪಕ್ಕೆ ಕಾಣುವವರು. ಆಪ್ತರಿಗೆ ತಿಳಿದದ್ದು ನಮಗೂ ತಿಳಿದೇ ಇರುತ್ತದೆ. ಹೊಸ ಸುದ್ದಿ ಬರುವುದು ದೂರದವರಿಂದ. ಆದರೆ ದೂರದವರನ್ನು ದೂರ ಹೋಗದಂತೆ ಹಿಡಿದಿಡುವ ಉಪಾಯ ಆತನಿಗೆ ಹೊಳೆಯಲಿಲ್ಲ. ಓರಗಿತ್ತಿಯ ತಮ್ಮನ ಷಡ್ಡಕನನ್ನು ಹಿಡಿದಿಡುವುದು ಪ್ರೀತಿಯಲ್ಲ, ಪಾಲಿಯೆಸ್ಟರು.

ಗಂಡಸರ ಜಾಲದ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಕೃಷ್ಣರಾವ್ ಪಾರ್ಕಿನಲ್ಲಿ ನಾಲ್ಕು ಸುತ್ತು, ಆಮೇಲೆ ಬೈಟು ಕಾಫಿ, ಜೊತೆಗೆ ಸರ್ಕಾರದ ಮೇಲೆ ದೂರು. ಯಾರ ಮಗ ಎಲ್ಲಿದ್ದಾನೆಂದು ಕೇಳಿದರೆ ಮನೆಗೆ ಫೋನ್ ಮಾಡಿ ತಿಳಿದುಕೊಳ್ಳುತ್ತಾರೆ.

ಸಿದ್ಧಾಂತದಲ್ಲಿ ಒಂದು ದೋಷವಿದೆ. ಮುಚ್ಚಿಡುವುದು ಶಾಸ್ತ್ರಕ್ಕೆ ತಕ್ಕುದಲ್ಲ. ಕುಂಕುಮಕ್ಕೆ ಕರೆಯುವ ಪಟ್ಟಿಯಿಂದ ಗಂಡ ತೀರಿಕೊಂಡ ವರ್ಷವೇ ಕೆಲವರ ಹೆಸರು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಮಹಡಿ ಮೇಲಿನ ಬಾಡಿಗೆಯವರು ಬೇರೆ ಜಾತಿಯವರಾದರೆ ಅವರ ಹೆಸರು ಪಟ್ಟಿಗೆ ಸೇರುವುದೇ ಅನುಮಾನ. ಕೂದಲೆಳೆಯ ನಂಟನ್ನೂ ಬಿಡದ ಈ ಜಾಲ ಗೋಡೆಯಾಚೆಯವರನ್ನು ಹೀಗೆ ಬಿಡುವುದು ಧರ್ಮದ ಮಾತಿರಲಿ, ದೂರದವರೇ ಉಪಕಾರಿಗಳೆಂಬ ಸಿದ್ಧಾಂತದ ಲೆಕ್ಕದಲ್ಲೂ ನಷ್ಟ.

ಕೊನೆಗೆ ಓದುಗರಲ್ಲಿ ಒಂದು ವಿನಂತಿ. ಕಣದ ಪೂರ್ಣ ಪ್ರದಕ್ಷಿಣೆಯ ಅವಧಿ ಅಳೆಯಲೆಂದು, ನೀಲಿ ನೆಲದ ಮೇಲೆ ಹಳದಿ ಬುಟ್ಟಾ ಇರುವ ಒಂದು ಕಣದ ಒಳಮೂಲೆಗೆ ಬಾಲ್‌ಪೆನ್ನಿನ ಚುಕ್ಕೆ ಇಟ್ಟು ಕಳೆದ ಗೌರಿಹಬ್ಬದಂದು ಬಿಟ್ಟಿದ್ದೇವೆ. ನಿಮ್ಮ ಮನೆಗೆ ಬಂದರೆ ದಯವಿಟ್ಟು ದಿಂಬಿನ ಕವರು ಹೊಲಿಸಬೇಡಿ. ಮಹಡಿ ಮೇಲಿನವರಿಗೆ ಕೊಡಿ.